ಕೊಂಬೆಯ ಮೇಲೊಂದು, ಬೇರಿನ ಕೆಳಗೊಂದು

ಮೊಟ್ಟೆಯೊಡೆದು ಹೊರಬಂದು ಎರಡು ದಿನವಾಗಿದೆ. ತೂಕ 30 ಗ್ರಾಂ ಆಸುಪಾಸು. ಹೊಟ್ಟೆಗೆ ಇನ್ನೂ ಒಂದು ತುತ್ತೂ ಬಿದ್ದಿಲ್ಲ. ಮೊಟ್ಟೆಯ ಭಂಡಾರದಲ್ಲಿ ಉಳಿದದ್ದರಿಂದಲೇ ಜೀವ ನಡೆದಿದೆ. ರಾತ್ರಿ ಕವಿದ ಮೇಲೆ ಅಪ್ಪ, ಅಮ್ಮ ಇಬ್ಬರೂ ಬಿಲ ಬಿಟ್ಟು ಹೋಗಿ ಸಮುದ್ರದ ಮೇಲೆ ಕೂತು ಕೂಗತೊಡಗುತ್ತಾರೆ. ಮರಿಗೆ ಅದೇ ಕರೆ. ಅದು ಬಿಲದಿಂದ ಹೊರಬಿದ್ದು ಇಳಿಜಾರಿನಲ್ಲಿ ಓಡುತ್ತದೆ. ಬಿದ್ದ ಮರದ ದಿಮ್ಮಿ ಎದುರಾದರೆ ಹತ್ತುತ್ತದೆ, ಉರುಳುತ್ತದೆ, ಎದ್ದು ಮತ್ತೆ ಓಡುತ್ತದೆ. ಜೊತೆಗೆ ಅಕ್ಕಪಕ್ಕದ ಬಿಲಗಳ ಮರಿಗಳೂ ಇರುತ್ತವೆ, ಕಾಡಿನ ನೆಲದ ಮೇಲೆಲ್ಲ ಸಣ್ಣ ಚೀರಾಟ. ಕೊನೆಗೆ ಬಂಡೆಯ ಅಂಚಿನಿಂದ ನೊರೆಯೊಳಕ್ಕೆ ಧುಮುಕಿ, ಅಲೆ ಸೀಳಿಕೊಂಡು ಈಜುತ್ತ, ನೂರಾರು ಕೂಗುಗಳ ನಡುವೆ ತನ್ನವರ ದನಿಯನ್ನು ಗುರುತಿಸಿ ಹೋಗಿ ಸೇರಿಕೊಳ್ಳುತ್ತದೆ. ಬೆಳಗಾಗುವ ಹೊತ್ತಿಗೆ ಆ ಸಂಸಾರ ದಡದಿಂದ ಎಷ್ಟೋ ಕಿಲೋಮೀಟರ್ ಆಚೆ ನಡುನೀರಿನಲ್ಲಿರುತ್ತದೆ.

ಇದು ಕೆನಡಾದ ಪಶ್ಚಿಮ ಕರಾವಳಿಯಾಚೆಯ ಹೈಡಾ ಗ್ವಾಯಿ ದ್ವೀಪಗಳಲ್ಲಿ ಮೇ-ಜೂನ್ ತಿಂಗಳ ರಾತ್ರಿಗಳಲ್ಲಿ ನಡೆಯುವ ವ್ಯವಹಾರ. ಹಕ್ಕಿಯ ಹೆಸರು ಏನ್ಷಿಯಂಟ್ ಮರ್ಲೆಟ್. ಕಣ್ಣಿನ ಮೇಲೆ ನರೆತ ಕೂದಲಿನಂಥ ಬಿಳಿ ಗರಿಗಳ ಎಳೆ ಇರುವುದರಿಂದ ಮುದುಕನ ಪಟ್ಟ ಕಟ್ಟಿದ್ದಾರೆ.

ಇದೇ ದ್ವೀಪಗಳಲ್ಲಿ, ಇದೇ ಜಾತಿಯ ಮರಗಳಲ್ಲಿ, ಇದರ ದಾಯಾದಿಯೊಂದಿದೆ: ಮಾರ್ಬಲ್ಡ್ ಮರ್ಲೆಟ್. ಗಾತ್ರ ಹೆಚ್ಚುಕಡಿಮೆ ಒಂದೇ, ಉದ್ದ 25 ಸೆಂಟಿಮೀಟರ್ ಸುತ್ತಮುತ್ತ, ತೂಕ ಇನ್ನೂರು ಗ್ರಾಮಿಗಿಂತ ತುಸು ಹೆಚ್ಚು. ಎರಡೂ ಹೊಟ್ಟೆ ಹೊರೆಯುವುದು ಅದೇ ಕಡಲಿನಲ್ಲಿ. ಆದರೆ ಇದರ ಮರಿ ಬೇರಿನ ಕೆಳಗಿನ ಬಿಲದಲ್ಲಿ ಹುಟ್ಟುವುದಿಲ್ಲ. ನೆಲದಿಂದ ಹಲವು ಮಹಡಿಯಷ್ಟು ಮೇಲೆ, ಪಾಚಿಗಟ್ಟಿದ ಕೊಂಬೆಯೊಂದರ ಮೇಲೆ ಹುಟ್ಟಿ, ಒಂದು ತಿಂಗಳ ಮೇಲೂ ಅಲ್ಲೇ ಒಂಟಿಯಾಗಿ ಕೂತಿರುತ್ತದೆ. ಹೆತ್ತವರು ಸಮುದ್ರದಿಂದ ಮೀನು ತಂದು ಉಣಿಸಿ ಹೋಗುತ್ತಾರೆ. ಒಂದು ಸಂಜೆ ಅದು ಕೊಂಬೆ ಬಿಟ್ಟು ಹಾರುತ್ತದೆ. ಅಭ್ಯಾಸವಿಲ್ಲ, ಜೊತೆಗಾರರಿಲ್ಲ, ಜೀವಮಾನದ ಮೊದಲ ಹಾರಾಟವೇ ನೇರ ಸಮುದ್ರಕ್ಕೆ.

ಇನ್ನು ಮುಂದೆ ಇವನ್ನು ಬಿಲದ ಮರ್ಲೆಟ್, ಮರದ ಮರ್ಲೆಟ್ ಎಂದು ಕರೆಯೋಣ. ಎರಡನ್ನೂ ವಿಜ್ಞಾನದ ಲೆಕ್ಕಕ್ಕೆ ಸೇರಿಸಿದ್ದು ಜರ್ಮನಿಯ ಯೋಹಾನ್ ಫ್ರೀಡ್ರಿಕ್ ಗ್ಮೆಲಿನ್, ಅದೂ 1789ರಲ್ಲಿ ಒಂದೇ ಗ್ರಂಥದಲ್ಲಿ. ಇವು ಆಕ್ ಎಂಬ ಕುಟುಂಬಕ್ಕೆ ಸೇರಿದವು. ನಮಗೆ ಈ ಕುಟುಂಬದ ಪರಿಚಯವಿಲ್ಲ, ಯಾಕೆಂದರೆ ಉತ್ತರ ಗೋಲಾರ್ಧದ ತಣ್ಣನೆಯ ಕಡಲುಗಳೇ ಇವುಗಳ ತವರು. ಮಕ್ಕಳ ಚಿತ್ರಪುಸ್ತಕಗಳಲ್ಲಿ ಬರುವ ಬಣ್ಣದ ಕೊಕ್ಕಿನ ಪಫಿನ್ ಈ ಮನೆತನದ್ದೇ. 1844ರಲ್ಲಿ ಐಸ್‌ಲ್ಯಾಂಡಿನ ಎಲ್ಡೆ ದ್ವೀಪದಲ್ಲಿ ಮನುಷ್ಯನ ಕೈಯಲ್ಲಿ ಮುಗಿದುಹೋದ ಗ್ರೇಟ್ ಆಕ್ ಸಹ ಇದರದ್ದೇ.

ಆಕ್‌ಗಳು ನೀರೊಳಗೆ ರೆಕ್ಕೆ ಬಡಿದು ಈಜುತ್ತವೆ. ದಕ್ಷಿಣದಲ್ಲಿ ಪೆಂಗ್ವಿನ್‌ಗಳು ಮಾಡುವುದೂ ಅದನ್ನೇ, ಆದರೆ ಅವು ಹಾರುವ ಆಸೆಯನ್ನು ಪೂರ್ತಿ ಕೈಬಿಟ್ಟವು. ಆಕ್‌ಗಳದ್ದು ಎರಡು ದೋಣಿಯ ಮೇಲೆ ಕಾಲಿಟ್ಟ ಬದುಕು. ರೆಕ್ಕೆ ಗಾಳಿಗೂ ಒದಗಬೇಕು, ನೀರಿಗೂ ಒದಗಬೇಕು. ಹಾಗಾಗಿ ಅದು ದೇಹದ ತೂಕಕ್ಕೆ ಹೋಲಿಸಿದರೆ ಚಿಕ್ಕದು. ಗಾಳಿಯಲ್ಲಿ ತೇಲಿಕೊಂಡು ನಿಧಾನ ಹಾರುವುದು ಇವಕ್ಕೆ ಬಾರದು. ಬಿಡದೆ ಪಟಪಟ ಬಡಿಯುತ್ತ ವೇಗವಾಗಿಯೇ ಹೋಗಬೇಕು. ಕಾಲುಗಳಿರುವುದು ಮೈಯ ಹಿಂತುದಿಯಲ್ಲಿ. ಜಾಲಪಾದದ ಮೂರು ಬೆರಳು ಮುಂದಕ್ಕೆ, ಹಿಂದಿನ ಬೆರಳೇ ಇಲ್ಲ. ಕಾಗೆ ಗುಬ್ಬಿಗಳ ಹಾಗೆ ರೆಂಬೆ ಹಿಡಿದು ಕೂರುವುದು ಸಾಧ್ಯವಿಲ್ಲದ ಮಾತು.

ಇಂಥ ಹಕ್ಕಿಗೆ ನೆಲದಿಂದ ಆಗಬೇಕಾದದ್ದು ಒಂದೇ, ಮೊಟ್ಟೆ ಇಡಲು ಜಾಗ. ಮೊಟ್ಟೆಯನ್ನು ನೀರಿನ ಮೇಲೆ ಇಡಲಾಗದು. ಹಾಗೆ ನೆಲಕ್ಕೆ ಬಂದ ಮೇಲೆ ಪ್ರಶ್ನೆ ಏಳುತ್ತದೆ: ಊಟವನ್ನು ಮಗುವಿನ ಬಳಿಗೆ ತರಬೇಕೋ, ಮಗುವನ್ನೇ ಊಟದ ಬಳಿಗೆ ಕರೆದೊಯ್ಯಬೇಕೋ? ಎರಡು ಮರ್ಲೆಟ್‌ಗಳ ನಡುವಿನ ಬೇರೆಲ್ಲ ವ್ಯತ್ಯಾಸಗಳೂ, ಮೈಬಣ್ಣದಿಂದ ಹಿಡಿದು ಮೊಟ್ಟೆಯ ಲೆಕ್ಕದವರೆಗೆ, ಈ ಪ್ರಶ್ನೆಗೆ ಅವು ಕೊಟ್ಟ ಉತ್ತರದಿಂದಲೇ ಹೊರಟಂತೆ ನನಗೆ ಕಾಣುತ್ತದೆ.

ಬಿಲದ ಮರ್ಲೆಟ್‌ನ ಮುಖ್ಯ ಆಹಾರ ಕ್ರಿಲ್ ಎಂಬ ಸಿಗಡಿಯಂಥ ಸಣ್ಣ ಜೀವಿ, ಜೊತೆಗೆ ಪುಟ್ಟ ಮೀನು. ಅದು ದಡದಿಂದ ದೂರದ ನೀರಿನಲ್ಲಿ ಸಿಗುವಂಥದ್ದು. ಅಲ್ಲಿಂದ ದಿನಾ ಹೊತ್ತು ತರುವುದು ದುಬಾರಿ. ಆದ್ದರಿಂದ ತಾಯಿ ಎಲ್ಲ ಖರ್ಚನ್ನೂ ಮುಂಚೆಯೇ ಮೊಟ್ಟೆಯಲ್ಲಿ ಹಾಕಿಬಿಡುತ್ತದೆ. ಇಡುವುದು ಎರಡು ಮೊಟ್ಟೆ, ನಡುವೆ ಒಂದು ವಾರದ ಅಂತರ. ಒಂದೊಂದೂ ತಾಯಿಯ ತೂಕದ ಐದನೇ ಒಂದು ಭಾಗಕ್ಕಿಂತ ಹೆಚ್ಚು, 45 ಗ್ರಾಂ ಸುಮಾರು. ಅಂದರೆ ಹತ್ತಿರ ಹತ್ತಿರ ಕೋಳಿಮೊಟ್ಟೆಯಷ್ಟು, ಆದರೆ ಇಡುವ ತಾಯಿ ಕೋಳಿಯ ಎಂಟನೇ ಒಂದು ಭಾಗವೂ ಇಲ್ಲ. ಅಷ್ಟು ಸರಕು ತುಂಬಿಕೊಂಡು ಹೊರಬಂದ ಮರಿಗೆ ಕಾಲುಗಳು ಆಗಲೇ ದೊಡ್ಡ ಹಕ್ಕಿಯ ಕಾಲಿನಷ್ಟಿರುತ್ತವೆ. ರೆಕ್ಕೆಯೋ ಬರಿಯ ತುಂಡು. ಸದ್ಯಕ್ಕೆ ಬೇಕಾದ್ದು ಓಡಲು ಮತ್ತು ಈಜಲು ಕಾಲು; ರೆಕ್ಕೆ ಬೆಳೆಯುವುದು ಸಮುದ್ರದಲ್ಲಿ, ಅಪ್ಪ ಅಮ್ಮನ ಪಕ್ಕದಲ್ಲಿ ವಾರಗಟ್ಟಲೆ ತಿಂದುಕೊಂಡು. ಕಡಲಹಕ್ಕಿಗಳಲ್ಲಿ ಗೂಡಿನಲ್ಲಿ ಒಂದು ತುತ್ತೂ ಉಣಿಸದೆ ಮರಿಯನ್ನು ನೀರಿಗಿಳಿಸುವವು ಈ ಹಕ್ಕಿ ಮತ್ತು ಅದರ ಹತ್ತಿರದ ನಾಲ್ಕು ಬಂಧುಗಳು ಮಾತ್ರ.

ಕಾವು ಕೂರುವುದರಲ್ಲಿ ಗಂಡುಹೆಣ್ಣುಗಳ ಪಾಳಿ ಇದೆ, ಒಂದೊಂದು ಪಾಳಿ ಸಾಮಾನ್ಯವಾಗಿ ಮೂರು ದಿನ. ಪಾಳಿ ಬದಲಾಗುವುದು ಕಗ್ಗತ್ತಲಲ್ಲಿ. ಹಗಲಲ್ಲಿ ದಡಕ್ಕೆ ಬಂದರೆ ಬೋಳುಹದ್ದು, ಪೆರೆಗ್ರಿನ್ ಚಾಣ, ರೇವನ್ ಕಾಗೆಗಳು ಕಾದಿರುತ್ತವೆ. ಸಂಜೆಯಾಗುತ್ತಲೇ ಹಕ್ಕಿಗಳು ದಡದಿಂದ ಒಂದಿಷ್ಟು ಆಚೆ ನೀರಿನ ಮೇಲೆ ಗುಂಪುಗೂಡಿ ಕಾಯುತ್ತವೆ, ಪೂರ್ತಿ ಕತ್ತಲಾದ ಮೇಲೆ ದ್ವೀಪಕ್ಕೆ ಬಂದು ಬೀಳುತ್ತವೆ. ಬೀಳುತ್ತವೆ ಎಂದೇ ಹೇಳಬೇಕು. ಕೊಂಬೆಗಳಿಗೆ ಬಡಿದುಕೊಂಡು ನೆಲಕ್ಕೆ ದೊಪ್ಪನೆ ಬರುವುದೇ ಇವುಗಳ ಇಳಿಯುವ ಕ್ರಮ. ಹೈಡಾ ಜನರು ಇದನ್ನು ರಾತ್ರಿಯ ಹಕ್ಕಿ ಎಂದೇ ಕರೆಯುತ್ತಾರೆ. ಅಲ್ಲಿನ ಈಸ್ಟ್ ಲೈಮ್‌ಸ್ಟೋನ್ ಎಂಬ ಪುಟ್ಟ ದ್ವೀಪದಲ್ಲಿ ಲಸ್ಕೀಕ್ ಬೇ ಕನ್ಸರ್ವೇಶನ್ ಸೊಸೈಟಿಯ ಸ್ವಯಂಸೇವಕರು 1990ರಿಂದ ಇವುಗಳ ಲೆಕ್ಕ ಇಡುತ್ತ ಬಂದಿದ್ದಾರೆ. ಕಾಡಿನ ಇಳಿಜಾರಿನಲ್ಲಿ ಪ್ಲಾಸ್ಟಿಕ್ ಹಾಳೆಯ ಗಿಡ್ಡ ಬೇಲಿಗಳನ್ನು ಆಲಿಕೆಯ ಆಕಾರದಲ್ಲಿ ಕಟ್ಟಿ, ಓಡಿ ಬರುವ ಮರಿಗಳನ್ನು ಆಲಿಕೆಯ ತುದಿಯಲ್ಲಿ ಹಿಡಿದು, ತೂಗಿ, ಎಣಿಸಿ, ಮತ್ತೆ ಸಮುದ್ರದ ದಾರಿ ಹಿಡಿಸುವುದು ಅವರ ಪದ್ಧತಿ.

ಮರದ ಮರ್ಲೆಟ್‌ನ ಲೆಕ್ಕಾಚಾರ ಪೂರ್ತಿ ತಿರುವುಮುರುವು. ಇದು ದಡಕ್ಕೆ ಹತ್ತಿರದ ನೀರಿನಲ್ಲೇ ಸ್ಯಾಂಡ್ ಲ್ಯಾನ್ಸ್, ಹೆರಿಂಗ್ ಜಾತಿಯ ಸಣ್ಣ ಮೀನು ಹಿಡಿಯುತ್ತದೆ. ಮೀನು ಕೈಗೆಟುಕುವಷ್ಟು ಹತ್ತಿರ ಇರುವುದರಿಂದ ತರುವ ಮಾರ್ಗವನ್ನೇ ಹಿಡಿಯಿತು. ಆದರೆ ಗೂಡಿಗೆ ಜಾಗ ಹುಡುಕುತ್ತ ಒಳನಾಡಿಗೆ ಹೋಯಿತು, ವಾಷಿಂಗ್ಟನ್ ರಾಜ್ಯದಲ್ಲಿ ಕಡಲಿನಿಂದ 80 ಕಿಲೋಮೀಟರ್ ಒಳಗೂ. ಇಡುವುದು ಒಂದೇ ಮೊಟ್ಟೆ. ಗೂಡು ಎನ್ನುವುದು ಹೆಸರಿಗೆ ಮಾತ್ರ. ಅಗಲವಾದ ಕೊಂಬೆಯ ಮೇಲಿನ ಪಾಚಿಯಲ್ಲಿ ಒಂದು ತಗ್ಗು. ಗಂಡುಹೆಣ್ಣುಗಳು ದಿನಕ್ಕೊಂದು ಪಾಳಿಯಂತೆ, ಮುಂಜಾವದ ಮಬ್ಬಿನಲ್ಲಿ ಅದಲುಬದಲಾಗುತ್ತ ಕಾವು ಕೂರುತ್ತವೆ. ಮರಿ ಹೊರಬಂದು ಒಂದೆರಡು ದಿನವಾದ ಮೇಲೆ ಅದನ್ನು ಒಂಟಿಯಾಗಿ ಬಿಡುತ್ತವೆ. ಆಮೇಲೆ ಹೆಚ್ಚಾಗಿ ಬೆಳಗು, ಸಂಜೆಯ ಮಬ್ಬಿನಲ್ಲಿ ಬರುವುದು, ಕೊಕ್ಕಿನಲ್ಲಿ ಅಡ್ಡಲಾಗಿ ಹಿಡಿದ ಒಂದೇ ಒಂದು ಮೀನು ಕೊಟ್ಟು ಹೋಗುವುದು. ಅಷ್ಟು ದೂರದ ದಾರಿಗೆ ಒಂದು ಮೀನು!

ಈಗ ಮೈಬಣ್ಣ ನೋಡಿ. ಬಿಲದ ಮರ್ಲೆಟ್ ವರ್ಷವಿಡೀ ಕಪ್ಪು ತಲೆ, ಬೂದು ಬೆನ್ನು, ಬಿಳಿ ಹೊಟ್ಟೆ. ಬಿಲದೊಳಗೆ ಕತ್ತಲಲ್ಲಿ ಕೂರುವುದಕ್ಕೆ ವೇಷ ಬದಲಿಸುವ ಅಗತ್ಯವೇನು? ಮರದ ಮರ್ಲೆಟ್ ಚಳಿಗಾಲದಲ್ಲಿ ಕಪ್ಪು-ಬಿಳುಪು, ಬೇಸಿಗೆಯಲ್ಲಿ ತೊಗಟೆಯ ಕಂದು. ಹಗಲಿಡೀ ಬಯಲಲ್ಲಿ, ಕೊಂಬೆಯ ಮೇಲೆ ಮಿಸುಕದೆ ಕೂರಬೇಕಲ್ಲ. ಮರಿಯ ತುಪ್ಪಳವೂ ಪಾಚಿಯ ಬಣ್ಣದಲ್ಲಿ ಕರಗುವಂಥದ್ದು. ಹಾರುವ ದಿನ ಹತ್ತಿರವಾಗುವವರೆಗೂ ಅದನ್ನು ಬಿಟ್ಟುಕೊಡುವುದಿಲ್ಲ. ಒಳಗೆ ಗರಿ ಬಲಿತಿದ್ದರೂ ಮೇಲೆ ತುಪ್ಪಳ ಹೊದ್ದೇ ಇರುತ್ತದೆ. ಹೊರಡುವ ಮುನ್ನ ಒಂದೆರಡು ದಿನದೊಳಗೆ ಅದನ್ನೆಲ್ಲ ಕೊಕ್ಕಿನಿಂದ ಕಿತ್ತೊಗೆದು, ಹೊಸ ಕಪ್ಪು-ಬಿಳುಪು ಗರಿಯಲ್ಲಿ ಹಾರುತ್ತದೆ.

ಇಷ್ಟು ಗುಟ್ಟಾಗಿ ಬದುಕುವ ಹಕ್ಕಿಯ ಗೂಡು ಉತ್ತರ ಅಮೆರಿಕದ ಪಕ್ಷಿತಜ್ಞರಿಗೆ ಇಪ್ಪತ್ತನೇ ಶತಮಾನದ ಮುಕ್ಕಾಲು ಭಾಗ ಕಳೆಯುತ್ತ ಬಂದರೂ ಸಿಕ್ಕಿರಲಿಲ್ಲ. ಹಕ್ಕಿಯೇನೂ ಅಪರೂಪವಲ್ಲ, ತೀರದ ನೀರಿನಲ್ಲಿ ಜೋಡಿ ಜೋಡಿಯಾಗಿ ಕಾಣುತ್ತಿತ್ತು. ಮುಂಜಾನೆಯ ಮಂಜಿನಲ್ಲಿ ಕಾಡಿನ ಮೇಲೆ ಕೀರ್ ಕೀರ್ ಎಂದು ಕೂಗುತ್ತ ಹಾಯುವ ಇದಕ್ಕೆ ಮರ ಕಡಿಯುವವರು ಮಂಜಿನ ಬಾನಾಡಿ ಎಂಬರ್ಥದ ಹೆಸರನ್ನೂ ಇಟ್ಟಿದ್ದರು. ಉರುಳಿಸಿದ ಮರದ ಕೊಂಬೆಗಳ ನಡುವೆ ಅದನ್ನು ಕಂಡವರೂ ಇದ್ದರು. ಆದರೂ ಜಾಲಪಾದದ ಕಡಲಹಕ್ಕಿ ಮರದ ಮೇಲೆ ಗೂಡು ಮಾಡುತ್ತದೆ ಎಂದರೆ ನಂಬುವುದು ಹೇಗೆ? 1970ರಲ್ಲಿ ಆಡುಬಾನ್ ಫೀಲ್ಡ್ ನೋಟ್ಸ್ ಪತ್ರಿಕೆ ಗೂಡು ತೋರಿಸಿದವರಿಗೆ ನೂರು ಡಾಲರ್ ಬಹುಮಾನವನ್ನೇ ಸಾರಿತು. ಕೊನೆಗೆ 1974ರ ಆಗಸ್ಟ್‌ನಲ್ಲಿ, ಕ್ಯಾಲಿಫೋರ್ನಿಯದ ಬಿಗ್ ಬೇಸಿನ್ ರೆಡ್‌ವುಡ್ಸ್ ಉದ್ಯಾನದಲ್ಲಿ, ಹೊಯ್ಟ್ ಫಾಸ್ಟರ್ ಎಂಬ ಮರ ಹತ್ತುವ ಕೆಲಸಗಾರ ಅಪಾಯದ ಕೊಂಬೆಗಳನ್ನು ಸವರಲು ಡಗ್ಲಸ್ ಫರ್ ಮರವೊಂದನ್ನು ಏರಿದ. ಸುಮಾರು 45 ಮೀಟರ್ ಎತ್ತರದಲ್ಲಿ ಅವನ ಕಾಲಿನ ಬಳಿ ಮರಿಯೊಂದು ಕೂತಿತ್ತು. ಪಕ್ಷಿತಜ್ಞರು ದುರ್ಬೀನು ಹಿಡಿದು ಹುಡುಕಿದ್ದನ್ನು ಗರಗಸ ಹಿಡಿದವನೊಬ್ಬ ಕಂಡ.

ಆ ಕೊಂಬೆಯ ಕುರಿತು ಇನ್ನೆರಡು ಮಾತು ಹೇಳಬೇಕು, ಯಾಕೆಂದರೆ ಮುಂದಿನ ಜಗಳವೆಲ್ಲ ಅದರದ್ದೇ. ಕಾಲ್ಬೆರಳಿನಿಂದ ಹಿಡಿದುಕೊಳ್ಳಲಾಗದ ಹಕ್ಕಿಗೆ ಕೊಂಬೆ ಜಗಲಿಯಷ್ಟು ಚಪ್ಪಟೆಯಾಗಿ, ಅಗಲವಾಗಿ ಇರಬೇಕು. ಮೊಟ್ಟೆ ಉರುಳದಂತೆ ಅದರ ಮೇಲೆ ದಪ್ಪ ಪಾಚಿ ಬೆಳೆದಿರಬೇಕು. ಹಕ್ಕಿ ಕಾಡಿನೊಳಗೆ ಕೊಂಬೆಗಿಂತ ತಗ್ಗಿನಲ್ಲಿ ರಭಸವಾಗಿ ಬಂದು, ಕೊನೆಯ ಗಳಿಗೆಯಲ್ಲಿ ಮೇಲಕ್ಕೆ ಏರಿ, ವೇಗ ಸತ್ತು ನಿಲ್ಲುವ ಹೊತ್ತಿಗೆ ಕೊಂಬೆಯ ಮೇಲಿರುತ್ತದೆ. ಹೊರಡುವಾಗ ಕೆಳಕ್ಕೆ ಧುಮುಕಿ ವೇಗ ಪಡೆಯುತ್ತದೆ. ಅಂದರೆ ಕೊಂಬೆಯ ಕೆಳಗೆ, ಮುಂದೆ ಖಾಲಿ ಜಾಗ ಬೇಕು. ಇಂಥ ಕೊಂಬೆ ಬರಲು ಮರಕ್ಕೆ ಸಾಮಾನ್ಯವಾಗಿ ನೂರೈವತ್ತು, ಇನ್ನೂರು ವರ್ಷವಾದರೂ ಆಗಿರಬೇಕು. ಅಲಾಸ್ಕಾದ ಮರವಿಲ್ಲದ ಕಡೆಗಳಲ್ಲಿ ಕೆಲವು ಜೋಡಿ ನೆಲದ ಮೇಲೆಯೇ ಮೊಟ್ಟೆ ಇಡುತ್ತವೆ, ಅದು ಬೇರೆ ಮಾತು. ದಕ್ಷಿಣಕ್ಕೆ ಬಂದಂತೆಲ್ಲ ಹಳೆಯ ಮರವೇ ಗತಿ.

ಮರಿ ಬೆಳೆದ ಮೇಲೆ ಇಬ್ಬರ ಹಾದಿಯೂ ಬೇರೆ. ಮರದ ಮರ್ಲೆಟ್ ತೀರ ಬಿಟ್ಟು ಬಹಳ ದೂರ ಹೋಗುವ ಪೈಕಿಯಲ್ಲ. ಬಿಲದ್ದು ಬೆರಗು ಹುಟ್ಟಿಸುತ್ತದೆ. ಹೈಡಾ ಗ್ವಾಯಿಯಲ್ಲಿ ದಶಕಗಳ ಕಾಲ ಇದನ್ನು ಅಧ್ಯಯನ ಮಾಡಿದ ಟೋನಿ ಗ್ಯಾಸ್ಟನ್ ಮತ್ತು ಸಂಗಡಿಗರು ಕೆಲವು ಹಕ್ಕಿಗಳ ಕಾಲಿಗೆ ಜಿಯೊಲೊಕೇಟರ್ ಎಂಬ ಪುಟ್ಟ ಯಂತ್ರ ಕಟ್ಟಿದರು. ಅದು ಬೆಳಕನ್ನಷ್ಟೇ ದಾಖಲಿಸುತ್ತದೆ; ಸೂರ್ಯ ಹುಟ್ಟುವ, ಮುಳುಗುವ ಹೊತ್ತಿನಿಂದ ಹಕ್ಕಿ ಎಲ್ಲಿತ್ತೆಂದು ಲೆಕ್ಕ ಹಾಕಬೇಕು. ಮರುವರ್ಷ ಅದೇ ಹಕ್ಕಿಯನ್ನು ಹಿಡಿದು ಯಂತ್ರ ಬಿಚ್ಚಿ ನೋಡಿದರೆ, ಅವು ಚಳಿಗಾಲ ಕಳೆದದ್ದು ಜಪಾನ್, ಕೊರಿಯಾ, ಚೀನಾದ ಕಡಲಲ್ಲಿ! ಒಂದು ದಿಕ್ಕಿಗೆ ಸುಮಾರು 8,000 ಕಿಲೋಮೀಟರ್. ಉತ್ತರ ಪೆಸಿಫಿಕ್ಕನ್ನು ಪೂರ್ವದಿಂದ ಪಶ್ಚಿಮಕ್ಕೆ ಹೀಗೆ ಇಡಿಯಾಗಿ ದಾಟಿ ವಲಸೆ ಹೋಗುವ ಇನ್ನೊಂದು ಹಕ್ಕಿ ಗೊತ್ತಿಲ್ಲ. ಪೂರ್ವಜರು ಏಷ್ಯಾದಿಂದ ಬಂದ ಹಾದಿಯನ್ನೇ ಇವು ತಿರುಗಿ ಹಿಡಿಯುತ್ತಿರಬಹುದು ಎಂಬ ಊಹೆಯಿದೆ. ಅಂದಹಾಗೆ ಈ ಗ್ಯಾಸ್ಟನ್ ನಮಗೆ ತೀರ ಅಪರಿಚಿತರಲ್ಲ. 1970ರ ದಶಕದಲ್ಲಿ ದೆಹಲಿಯಲ್ಲಿ ಹರಟೆಮಲ್ಲ ಹಕ್ಕಿಗಳ ಗುಂಪುಬಾಳ್ವೆಯ ಬೆನ್ನು ಹತ್ತಿದ್ದವರು ಅವರೇ.

ಎರಡೂ ಹಕ್ಕಿಗಳ ಉಪಾಯದ ಹಿಂದೆ ಒಂದು ನಂಬಿಕೆಯಿದೆ: ನೆಲ ಇದ್ದ ಹಾಗೇ ಇರುತ್ತದೆ ಎಂಬುದು. ಬಿಲದ ಮರ್ಲೆಟ್ ನಂಬಿದ್ದು ಬಿಲಕ್ಕೆ ನುಗ್ಗುವ ದೊಡ್ಡ ಬೇಟೆಪ್ರಾಣಿಗಳಿಲ್ಲದ ದ್ವೀಪವನ್ನು. ಅಂಥ ದ್ವೀಪಗಳಿಗೆ ಹಡಗುಗಳಲ್ಲಿ ಅಡಗಿ ಇಲಿ ಬಂತು. ಅಲಾಸ್ಕಾದ ಅಲೂಷಿಯನ್ ದ್ವೀಪಗಳಲ್ಲಿ ತುಪ್ಪಳದ ವ್ಯಾಪಾರಿಗಳು ನರಿಗಳನ್ನು ಬೇಕೆಂದೇ ತಂದು ಬಿಟ್ಟರು. ಹೈಡಾ ಗ್ವಾಯಿಗೆ 1940ರ ದಶಕದಲ್ಲಿ ರಕೂನ್ ಬಂತು, ಅದೂ ತುಪ್ಪಳಕ್ಕೆಂದೇ. ಅದು ಈಜಿಕೊಂಡು ಪಕ್ಕದ ದ್ವೀಪಗಳಿಗೂ ಹೋಗಬಲ್ಲದು. ಹೈಡಾ ಗ್ವಾಯಿಯ ವಾಯವ್ಯ ತುದಿಯ ಲಂಗಾರಾ ದ್ವೀಪದಲ್ಲಿ ಒಂದು ಕಾಲಕ್ಕೆ ಎರಡು ಲಕ್ಷ ಜೋಡಿಗಳಷ್ಟು ಮರ್ಲೆಟ್ ಇದ್ದಿರಬಹುದೆಂಬ ಅಂದಾಜಿದೆ. ಇಲಿಗಳ ಕಾಟದಲ್ಲಿ 1990ರ ದಶಕದ ಮೊದಲ ಭಾಗದ ಹೊತ್ತಿಗೆ ಉಳಿದಿದ್ದು ಸುಮಾರು 15 ಸಾವಿರ. ಮರ್ಲೆಟ್‌ಗಳನ್ನೇ ನೆಚ್ಚಿದ್ದ ಅಲ್ಲಿನ ಪೆರೆಗ್ರಿನ್ ಚಾಣಗಳೂ ಕಡಿಮೆಯಾದವು.

1995ರಲ್ಲಿ ಆ ದ್ವೀಪದ ಉದ್ದಗಲಕ್ಕೂ ಸಾವಿರಾರು ಕಡೆ ವಿಷದ ತಿನಿಸಿನ ಕೊಳವೆಗಳನ್ನಿಟ್ಟು ಇಲಿಗಳನ್ನು ಪೂರ್ತಿ ನಿರ್ಮೂಲ ಮಾಡಿದರು. ಮೂರು ಸಾವಿರ ಹೆಕ್ಟೇರಿಗೂ ಮಿಗಿಲಾದ ದ್ವೀಪದಲ್ಲಿ ಇದು ಸಾಧ್ಯವೆಂದು ಆಗ ಹೆಚ್ಚಿನವರು ನಂಬಿರಲಿಲ್ಲ. ಇಲಿ ಹೋದ ಮೇಲೆ ಹಕ್ಕಿಯ ಸಂಖ್ಯೆ ಮತ್ತೆ ಏರತೊಡಗಿತು. ಅದೇ ಧೈರ್ಯದಿಂದ 2013ರಲ್ಲಿ ಮರ್ಚಿಸನ್, ಫ್ಯಾರಡೇ ಎಂಬ ಎರಡು ದ್ವೀಪಗಳಲ್ಲೂ ಕೆನಡಾದ ಉದ್ಯಾನ ಇಲಾಖೆ ಮತ್ತು ಹೈಡಾ ಜನರು ಸೇರಿ ಇದೇ ಕೆಲಸ ಮಾಡಿದರು.

ಮರದ ಮರ್ಲೆಟ್‌ಗೆ ಇಷ್ಟು ಸುಲಭದ ಮದ್ದಿಲ್ಲ. ಅದರ ಶತ್ರು ಗರಗಸ. ಹಳೆಯ ಕಾಡು ಬಹುಪಾಲು ಹಲಗೆಯಾಗಿ ಹೋದ ಮೇಲೆ, 1992ರಲ್ಲಿ ಅಮೆರಿಕ ಸರ್ಕಾರ ವಾಷಿಂಗ್ಟನ್, ಆರೆಗಾನ್, ಕ್ಯಾಲಿಫೋರ್ನಿಯಗಳ ಮಟ್ಟಿಗೆ ಇದನ್ನು ಅಪಾಯದಂಚಿನ ಜೀವಿ ಎಂದು ಘೋಷಿಸಿತು. ಮುಂದೆ ಕ್ಯಾಲಿಫೋರ್ನಿಯದ ಹಂಬೋಲ್ಟ್ ಕೌಂಟಿಯಲ್ಲಿ ಔಲ್ ಕ್ರೀಕ್ ಎಂಬಲ್ಲಿ ಉಳಿದಿದ್ದ ಹಳೆಯ ಮರಗಳನ್ನು ಕಡಿಯುವ ವಿಚಾರ ನ್ಯಾಯಾಲಯದ ಮೆಟ್ಟಿಲೇರಿತು. ದಾವೆಯ ಶೀರ್ಷಿಕೆಯೇ ಮಾರ್ಬಲ್ಡ್ ಮರ್ಲೆಟ್ ವಿರುದ್ಧ ಪೆಸಿಫಿಕ್ ಲಂಬರ್ ಕಂಪನಿ. ಫಿರ್ಯಾದಿಯ ಜಾಗದಲ್ಲಿ ಹಕ್ಕಿಯ ಹೆಸರು! 1995ರಲ್ಲಿ ತೀರ್ಪು ಹಕ್ಕಿಯ ಪರವಾಗಿ ಬಂತು. 1999ರಲ್ಲಿ ಅದೇ ಸೀಮೆಯ ಹೆಡ್‌ವಾಟರ್ಸ್ ಕಾಡಿನ ಸುಮಾರು 3,000 ಹೆಕ್ಟೇರನ್ನು ಸರ್ಕಾರ ಕೊಂಡುಕೊಂಡಿತು.

ಉಳಿದ ಮರಗಳನ್ನು ಉಳಿಸಬಹುದು, ಆದರೆ ಹೋದ ಕೊಂಬೆಯನ್ನು ಯಾವ ಇಲಾಖೆಯೂ ತರಿಸಿಕೊಡಲಾರದು. ಇಲಿ ತೆಗೆಯಲು ಒಂದು ಋತು ಸಾಕಾಯಿತು, ಕೊಂಬೆಗೆ ಎಂಟು ತಲೆಮಾರು ಕಾಯಬೇಕು. ಅದರ ಮೇಲೆ ಬೆಂಕಿ ಬೇರೆ: 2020ರ ಆಗಸ್ಟ್‌ನಲ್ಲಿ ಸಿಡಿಲಿನಿಂದ ಎದ್ದ ಕಾಳ್ಗಿಚ್ಚು ಬಿಗ್ ಬೇಸಿನ್ ಉದ್ಯಾನವನ್ನು ಹೆಚ್ಚುಕಡಿಮೆ ಪೂರ್ತಿ ಸುಟ್ಟಿತು. ರೆಡ್‌ವುಡ್ ಸುಟ್ಟ ಕಾಂಡದಿಂದಲೂ ಚಿಗುರುತ್ತದೆ. ಡಗ್ಲಸ್ ಫರ್‌ಗೆ ಆ ಶಕ್ತಿಯಿಲ್ಲ.

ಹಾಗಾಗಿ ಬಿಗ್ ಬೇಸಿನ್ ಇರುವ ಸಾಂತಾ ಕ್ರೂಜ್ ಬೆಟ್ಟಗಳಲ್ಲಿ ಉಳಿದಿರುವ ಕೆಲವೇ ನೂರು ಹಕ್ಕಿಗಳಿಗಾಗಿ ಈಗ ನಡೆಯುತ್ತಿರುವುದು ಚಿಲ್ಲರೆ ಕೆಲಸದಂತೆ ಕಂಡರೂ ಅದೇ ಕೈಲಾದದ್ದು. ಸ್ಟೆಲ್ಲರ್ಸ್ ಜೇ ಎಂಬ ನೀಲಿ ಹಕ್ಕಿ ಕಾಗೆಯ ನೆಂಟ, ಅಷ್ಟೇ ಚಾಲಾಕಿ. ಪ್ರವಾಸಿಗರು ಡೇರೆ ಹಾಕುವ ಜಾಗದಲ್ಲಿ ಬಿದ್ದ ತಿಂಡಿಯ ಚೂರುಗಳಿಂದ ಇವುಗಳ ಸಂತತಿ ಹೆಚ್ಚಿ, ಬಿಡುವಿದ್ದಾಗ ಮೇಲಕ್ಕೆ ಹೋಗಿ ಮರ್ಲೆಟ್‌ನ ಮೊಟ್ಟೆ, ಮರಿಗಳನ್ನು ತಿನ್ನುತ್ತವೆ. ಹಂಬೋಲ್ಟ್ ವಿಶ್ವವಿದ್ಯಾಲಯದ ಸಂಶೋಧಕರು ಇದಕ್ಕೊಂದು ತರಲೆ ಉಪಾಯ ಹೂಡಿದರು. ಸಣ್ಣ ಕೋಳಿಮೊಟ್ಟೆಗಳಿಗೆ ಮರ್ಲೆಟ್ ಮೊಟ್ಟೆಯ ಹಸಿರುನೀಲಿ ಬಣ್ಣ ಬಳಿದು, ಚುಕ್ಕೆ ಇಟ್ಟು, ಒಳಗೆ ಕಾರ್ಬಕಾಲ್ ಎಂಬ ರುಚಿಯೂ ವಾಸನೆಯೂ ಇಲ್ಲದ ವಾಂತಿಯ ಮದ್ದು ಚುಚ್ಚಿ ಕಾಡಿನಲ್ಲಿಟ್ಟರು. ತಿಂದ ಜೇ ಕೆಲವೇ ನಿಮಿಷದಲ್ಲಿ ಕಾರಿಕೊಳ್ಳುತ್ತದೆ, ಸಾಯುವುದಿಲ್ಲ. ಆಮೇಲೆ ಆ ಬಣ್ಣದ ಮೊಟ್ಟೆಯ ಗೊಡವೆಗೆ ಹೋಗಲು ಅದಕ್ಕೆ ಮನಸ್ಸಿಲ್ಲ.

ಇನ್ನೊಂದು ಉಪಾಯ ಪ್ರವಾಸಿಗರ ಮೇಲೆ. ಆ ಬೆಟ್ಟಗಳ ಉದ್ಯಾನಗಳಲ್ಲಿ ಡೇರೆ ಹಾಕಲು ಹೋದವರಿಗೆ ಒಂದು ಚೂರೂ ನೆಲಕ್ಕೆ ಬೀಳಬಾರದೆಂಬ ಎಚ್ಚರಿಕೆ ಕೊಡುತ್ತಾರೆ. ಹಕ್ಕಿ, ಅಳಿಲುಗಳಿಗೆ ಏನೂ ಹಾಕುವಂತಿಲ್ಲ; ಉಂಡ ಮೇಲೆ ಮೇಜು ಒರೆಸಿ, ಉಳಿದದ್ದನ್ನೆಲ್ಲ ಭದ್ರವಾಗಿ ಮುಚ್ಚಿಡಬೇಕು. ಸ್ಯಾನ್ ಹೋಸೆ, ಕೂಪರ್ಟಿನೊ ಕಡೆಯ ಕನ್ನಡದ ಮನೆಗಳಿಂದ ವಾರಾಂತ್ಯಕ್ಕೆ ಬುತ್ತಿ ಕಟ್ಟಿಕೊಂಡು ಹೋಗುವವರಿಗೆ ಈ ಬೆಟ್ಟಗಳು ಕಾರಿನಲ್ಲಿ ಒಂದೂವರೆ ತಾಸಿನೊಳಗಿನ ದಾರಿ. ಚಿತ್ರಾನ್ನದ ಅಗುಳಿಗೂ ಆ ನಿಯಮದಲ್ಲಿ ವಿನಾಯಿತಿ ಇಲ್ಲ.